ಕುರಿ ಕಂದು ಹಾಕಿದಾಗ ಹಟ್ಟಿಯಲ್ಲಿ, ಮನೆಯಲ್ಲಿ ಮಾಡಬೇಕಾದದ್ದು: ಬ್ರುಸೆಲ್ಲೋಸಿಸ್ ಮಾರ್ಗದರ್ಶಿ

ಭತ್ತದ ಕೊಯ್ಲು ಮುಗಿದು ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಗದ್ದೆಗಳಲ್ಲಿ ಕುರಿ ಹಿಂಡುಗಳು ಬೀಡುಬಿಡುವ ದಿನಗಳಲ್ಲಿ ಕುರಿಗಾರರು ಮತ್ತೆ ಮತ್ತೆ ಕೇಳುವುದು ಒಂದೇ ಪ್ರಶ್ನೆ: "ನಾಕೈದು ಗಬ್ಬದ ಕುರಿ ಕಂದು ಹಾಕ್ಯಾವ್ರಿ, ಯಾವ ಇಂಜೆಕ್ಷನ್ ಮಾಡಸಬೇಕು?" ಕಂದು ಹಾಕುವುದು ಎಂದರೆ ದಿನ ತುಂಬುವ ಮೊದಲೇ ಮರಿ ಬೀಳುವುದು. ಈ ಪ್ರಶ್ನೆಯ ಬೆನ್ನಿಗೇ ಮನೆಯವರ ಇನ್ನೊಂದು ಪ್ರಶ್ನೆ: "ನಮ್ಮವ್ರಿಗೆ ತಿಂಗಳಾತು ಜ್ವರ ಬಿಟ್ಟು ಬಿಟ್ಟು ಬರಾಕತ್ತೈತಿ, ಟೈಫಾಯ್ಡ್ ಗುಳಿಗಿ ಮುಗಿಸಿದ್ರೂ ಹೋಗವಲ್ದು." ಕೇಳುವವರು ಇವನ್ನು ಎರಡು ಬೇರೆ ತೊಂದರೆ ಎಂದುಕೊಂಡಿರುತ್ತಾರೆ. ಎರಡರ ಹಿಂದೆಯೂ ಒಂದೇ ರೋಗ ಇರಬಹುದು: ಬ್ರುಸೆಲ್ಲೋಸಿಸ್, ನಮ್ಮ ಕಡೆ ಕಂದು ರೋಗ.

ಮೊದಲ ಪ್ರಶ್ನೆಗೆ ನೇರ ಉತ್ತರ ಹೇಳಿಬಿಡುತ್ತೇನೆ. ಕಂದು ರೋಗ ಹತ್ತಿದ ಕುರಿಯನ್ನು ಪೂರ್ತಿ ವಾಸಿ ಮಾಡುವ ಇಂಜೆಕ್ಷನ್ ಇಲ್ಲ. ಕಂದು ಬಿದ್ದ ಮೊದಲ ಒಂದೆರಡು ತಾಸಿನಲ್ಲಿ ಆ ಸತ್ತ ಮರಿ, ಸತ್ತೆ (ಮಾಸು), ನೆಲದ ಮೇಲೆ ಹರಿದ ನೀರು ಎಲ್ಲಿಗೆ ಹೋದವು ಎಂಬುದರ ಮೇಲೆ ಉಳಿದ ಹಿಂಡಿನ ಮತ್ತು ನಿಮ್ಮ ಮನೆಯವರ ಆರೋಗ್ಯ ನಿಂತಿದೆ. ಹಾಗಾಗಿ ಈ ಲೇಖನದಲ್ಲಿ ಔಷಧಿಗಿಂತ ಗುಂಡಿ, ಸುಣ್ಣ, ಕೈಚೀಲದ (ಕೈಗವಸಿನ) ಮಾತೇ ಹೆಚ್ಚು.

ರೋಗದ ಬಗ್ಗೆ ಇಷ್ಟು ಗೊತ್ತಿರಲಿ

ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾದಿಂದ ಬರುವ ರೋಗಕ್ಕೆ ಬ್ರುಸೆಲ್ಲೋಸಿಸ್ ಎಂದು ಹೆಸರು. ಈ ಬ್ಯಾಕ್ಟೀರಿಯಾದಲ್ಲಿ ಹಲವು ಜಾತಿಗಳಿವೆ. ದನ, ಎಮ್ಮೆಗೆ ಹೆಚ್ಚಾಗಿ ಬರುವುದು ಬ್ರುಸೆಲ್ಲಾ ಅಬಾರ್ಟಸ್. ಕುರಿ, ಮೇಕೆಗೆ ಬರುವುದು ಬ್ರುಸೆಲ್ಲಾ ಮೆಲಿಟೆನ್ಸಿಸ್. ಮನುಷ್ಯರಿಗೆ ತಗುಲುವವುಗಳಲ್ಲಿ ಅತಿ ಕೆಟ್ಟದ್ದು ಈ ಎರಡನೆಯದೇ. ಆದ್ದರಿಂದ "ದನಕ್ಕ ಬರೂ ರೋಗ, ಕುರಿಗೇನೂ ಆಗಂಗಿಲ್ಲ" ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ರೋಗಾಣು ಗಬ್ಬದ ಕುರಿಯ ಗರ್ಭಕೋಶಕ್ಕೂ ಕೆಚ್ಚಲಿಗೂ ಸೇರಿಕೊಳ್ಳುತ್ತದೆ. ಕಂದು ಹಾಕಿದಾಗ ಬೀಳುವ ಮರಿ, ಸತ್ತೆ, ನೀರಿನಲ್ಲಿ ಅದು ಲೆಕ್ಕವಿಲ್ಲದಷ್ಟು ಇರುತ್ತದೆ. ಉಳಿದ ಕುರಿಗಳು ಅದನ್ನು ಮೂಸುತ್ತವೆ, ನೆಕ್ಕುತ್ತವೆ, ಅದೇ ಜಾಗದ ಹುಲ್ಲು ಮೇಯುತ್ತವೆ. ರೋಗ ದಾಟುವುದು ಹೀಗೆ. ಈದ ಅಥವಾ ಕಂದು ಹಾಕಿದ ಕುರಿಯ ಕೆಳಗಿನಿಂದ ಸುಮಾರು ಮೂರು ವಾರ ಸೋರುವ ದ್ರವದಲ್ಲೂ ರೋಗಾಣು ಹೋಗುತ್ತಿರುತ್ತದೆ. ಮೇಕೆಯಲ್ಲಿ ಇದು ಎರಡು ಮೂರು ತಿಂಗಳವರೆಗೂ ಎಳೆಯುತ್ತದೆ.

ಮನುಷ್ಯರಿಗೆ ಬರುವ ದಾರಿಗಳು ಮೂರು: ಗಾಯ ಅಥವಾ ಬಿರುಕಿರುವ ಕೈಯಿಂದ ಈ ಮರಿ, ಸತ್ತೆ, ನೀರನ್ನು ಮುಟ್ಟುವುದು, ಕಣ್ಣಿಗೆ ಬಾಯಿಗೆ ಸಿಡಿಯುವುದು ಅಥವಾ ಧೂಳಿನೊಂದಿಗೆ ಉಸಿರಾಡುವುದು, ಕಾಯಿಸದ ಹಾಲು ಕುಡಿಯುವುದು.

ಮೊದಲೇ ಇಟ್ಟುಕೊಳ್ಳಬೇಕಾದ ಸಾಮಾನು

ಹಿಂಡಿನ ಜೊತೆ ಹತ್ತಾರು ಊರು ಸುತ್ತುವವರಿಗೆ ಬೇಕಾದಾಗ ಅಂಗಡಿ ಸಿಗುವುದಿಲ್ಲ. ಸಾಮಾನು ಸಾಗಿಸುವ ಕುದುರೆ, ಕತ್ತೆ ಅಥವಾ ಗಾಡಿಯ ಮೇಲೆ ಒಂದು ಚೀಲ ಕಾಯಂ ಇರಲಿ. ಅದರಲ್ಲಿ: ರಬ್ಬರ್ ಅಥವಾ ಪ್ಲಾಸ್ಟಿಕ್ ಕೈಚೀಲಗಳು (ಮೊಣಕೈವರೆಗೆ ಬರುವವು ಸಿಕ್ಕರೆ ಉತ್ತಮ, ಪಶು ಔಷಧಿ ಅಂಗಡಿಯಲ್ಲಿ ಕೇಳಿ), ಮಾಸ್ಕ್, ಬೈಕ್ ಓಡಿಸುವವರು ಹಾಕುವಂಥ ಅಗ್ಗದ ಕನ್ನಡಕ, ದಪ್ಪ ಪ್ಲಾಸ್ಟಿಕ್ ಚೀಲಗಳು, ಬ್ಲೀಚಿಂಗ್ ಪೌಡರ್, ಸುಣ್ಣ, ಸಾಬೂನು, ಸಲಿಕೆ. ಕೈಚೀಲ ಇಲ್ಲದ ಹೊತ್ತಿನಲ್ಲಿ ತೂತಿಲ್ಲದ ಎರಡು ಪ್ಲಾಸ್ಟಿಕ್ ಚೀಲವನ್ನು ಕೈಗೆ ಹಾಕಿ ದಾರ ಕಟ್ಟಿಕೊಂಡರೂ ಬರಿಗೈಗಿಂತ ಎಷ್ಟೋ ಮೇಲು. ಬ್ಲೀಚಿಂಗ್ ಪೌಡರನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಗಾಳಿ, ತೇವ ತಗುಲಿದ ಪೌಡರಿನ ಕಸುವು ಹೋಗಿರುತ್ತದೆ. ಖಾರ ವಾಸನೆ ಬಾರದಿದ್ದರೆ ಅದನ್ನು ಎಸೆದು ಹೊಸದು ತನ್ನಿ.

ಹಂತ 1: ಇದು ಕಂದು ರೋಗ ಇರಬಹುದೇ ಎಂದು ನೋಡಿ

ಕುರಿಯ ಗಬ್ಬ ಸುಮಾರು 150 ದಿನ. ಕಂದು ರೋಗದಲ್ಲಿ ಮರಿ ಬೀಳುವುದು ಹೆಚ್ಚಾಗಿ ಕೊನೆಯ ಎರಡು ತಿಂಗಳಲ್ಲಿ. ಕೂದಲು ಮೂಡಿದ, ರೂಪ ಬಂದ ಮರಿ ಸತ್ತು ಬೀಳುತ್ತದೆ. ಕೆಲವು ಕುರಿ ದಿನ ತುಂಬಿ ಈದರೂ ಮರಿ ಎದ್ದು ನಿಲ್ಲದೆ ಒಂದೆರಡು ದಿನದಲ್ಲಿ ಸಾಯುತ್ತದೆ. ಸತ್ತೆ ಬೀಳದೆ ಉಳಿಯಬಹುದು. ಟಗರಿನ ತರಡು ಒಂದು ಕಡೆ ಊದಿ ಬಿಸಿಯಾಗುವುದು, ಕೆಲವು ಪ್ರಾಣಿಗಳಲ್ಲಿ ಮೊಣಕಾಲು ಬಾವು ಬರುವುದು ಕೂಡ ಸೂಚನೆಗಳೇ.

ಇಲ್ಲಿ ಎರಡು ಕಡೆ ಎಡವುತ್ತಾರೆ.

ಒಂದು, ಕಂದು ಹಾಕಿದ ಕುರಿ ಮುಂದಿನ ಸಲ ಚೆನ್ನಾಗಿ ಈದರೆ "ರೋಗ ಹೋಯ್ತು" ಎನ್ನುವುದು. ರೋಗ ಹತ್ತಿದ ಕುರಿ ಸಾಮಾನ್ಯವಾಗಿ ಒಂದೇ ಸಲ ಕಂದು ಹಾಕುತ್ತದೆ. ಆಮೇಲೆ ಗುಂಡಗೆ ಮರಿ ಹಾಕುತ್ತಾ, ಪ್ರತಿ ಈಯುವಿಕೆಯಲ್ಲೂ ಹಾಲಿನಲ್ಲೂ ರೋಗಾಣು ಹೊರಹಾಕುತ್ತಲೇ ಇರಬಹುದು. ಹಿಂಡಿನಲ್ಲಿ ಅತಿ ಅಪಾಯದ ಪ್ರಾಣಿ ಇದೇ, ಏಕೆಂದರೆ ಅದರ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ.

ಇನ್ನೊಂದು ಇದರ ತದ್ವಿರುದ್ಧ: ಕಂದು ಬಿದ್ದದ್ದೆಲ್ಲ ಕಂದು ರೋಗ ಎಂದು ತೀರ್ಮಾನಿಸುವುದು. ಹಿರೇಬೇನೆ (ಪಿಪಿಆರ್), ನೀಲಿ ನಾಲಿಗೆ ರೋಗ, ಕ್ಲಮೈಡಿಯಾ, ಟೊಕ್ಸೊಪ್ಲಾಸ್ಮಾದಂಥ ಬೇರೆ ಸೋಂಕುಗಳಿಂದಲೂ ಕುರಿ ಕಂದು ಹಾಕುತ್ತವೆ. ಗುದ್ದಾಟ, ಮೇವಿನ ಕೊರತೆ, ಗಬ್ಬ ನಿಂತ ಮೊದಲ ತಿಂಗಳಲ್ಲಿ ಕುಡಿಸಿದ ಅಲ್ಬೆಂಡಜೋಲ್ ಜಂತು ಔಷಧಿ ಕೂಡ ಕಾರಣವಾಗಬಹುದು. ಕಣ್ಣಿನಿಂದ ನೋಡಿ ಯಾವ ಡಾಕ್ಟರೂ ಖಚಿತವಾಗಿ ಹೇಳಲಾರರು, ಪರೀಕ್ಷೆ ಆಗಲೇಬೇಕು. ಆದರೆ ಪರೀಕ್ಷೆಯ ಫಲಿತಾಂಶ ಬರುವವರೆಗೆ ಬಿದ್ದ ಪ್ರತಿ ಕಂದನ್ನೂ ಕಂದು ರೋಗವೇ ಎಂದು ಭಾವಿಸಿ ಮುಟ್ಟಿ. ಈ ಬೇರೆ ಸೋಂಕುಗಳಲ್ಲೂ ಕೆಲವು ಮನುಷ್ಯರಿಗೆ ತಗುಲುತ್ತವೆ, ಹಾಗಾಗಿ ಎಚ್ಚರಿಕೆ ವ್ಯರ್ಥವಾಗುವುದಿಲ್ಲ.

ಹಂತ 2: ಮೊದಲ ಒಂದೆರಡು ತಾಸು

ಮೊಟ್ಟಮೊದಲು ನಾಯಿಗಳನ್ನು ಕಟ್ಟಿಹಾಕಿ. ಹಿಂಡಿನ ನಾಯಿ ಸತ್ತೆಯನ್ನು ಕಚ್ಚಿಕೊಂಡು ಮೂರು ಹೊಲ ದಾಟಿದರೆ ಪಕ್ಕದ ಹಿಂಡಿಗೂ ರೋಗದ ದಾರಿ ತೆರೆದ ಹಾಗೆ. ನಾಯಿಗೂ ಸೋಂಕು ತಗುಲಬಹುದು. "ನಾಯಿ ತಿಂದು ಸ್ವಚ್ಛ ಮಾಡ್ತಾವ ಬಿಡ್ರಿ" ಎಂಬ ಮಾತು ನಮ್ಮ ಹಟ್ಟಿಗಳಲ್ಲಿ ಬಹಳ ಹಳೆಯದು. ಇಷ್ಟು ಅಪಾಯದ ಅಭ್ಯಾಸ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಆಮೇಲೆ ಉಳಿದ ಕುರಿಗಳನ್ನು ಆ ಜಾಗದಿಂದ ಸರಿಸಿ. ಕಂದು ಹಾಕಿದ ಕುರಿಯನ್ನು ಹಿಂಡಿನಿಂದ ಬೇರೆ ಮಾಡಿ ಬೇರೆ ಬಲೆಯೊಳಗೆ ಅಥವಾ ಗೂಟಕ್ಕೆ ಕಟ್ಟಿ. ಅದಕ್ಕೆ ನೀರು, ಮೇವು ಬೇರೆ ಪಾತ್ರೆಯಲ್ಲಿ. ಕನಿಷ್ಠ ಮೂರು ವಾರ, ಸೋರುವುದು ಪೂರ್ತಿ ನಿಲ್ಲುವವರೆಗೆ, ಪರೀಕ್ಷೆಯ ಫಲಿತಾಂಶ ಬರುವವರೆಗೆ ಅದು ಬೇರೆಯಾಗಿಯೇ ಇರಲಿ. ವಲಸೆಯಲ್ಲಿ ಇದು ಕಷ್ಟ ಎಂದು ಗೊತ್ತಿದೆ. ಕನಿಷ್ಠ ರಾತ್ರಿ ತರುಬುವಾಗ ಅದು ಗಬ್ಬದ ಕುರಿಗಳ ಜೊತೆ ಸೇರದಂತೆ ನೋಡಿಕೊಳ್ಳಿ.

ಈಗ ಕೈಚೀಲ, ಮಾಸ್ಕ್, ಕನ್ನಡಕ ಹಾಕಿಕೊಳ್ಳಿ. ಅಂಗಿಯ ತೋಳು ಇಳಿಸಿ. ಸತ್ತ ಮರಿ, ಸತ್ತೆ, ಅದರಡಿಯ ಒದ್ದೆ ಮಣ್ಣು, ಹಿಕ್ಕೆ ಎಲ್ಲವನ್ನೂ ಸಲಿಕೆಯಿಂದ ಎತ್ತಿ ದಪ್ಪ ಚೀಲಕ್ಕೆ ಹಾಕಿ, ಅದನ್ನು ಇನ್ನೊಂದು ಚೀಲದೊಳಗಿಟ್ಟು ಕಟ್ಟಿ. ಸತ್ತೆ ಬೀಳದೆ ಜೋತಾಡುತ್ತಿದ್ದರೆ ಎಳೆಯಬೇಡಿ, ಬರಿಗೈ ಒಳಗೆ ಹಾಕಲೇಬೇಡಿ. ಅದು ಪಶುವೈದ್ಯರ ಕೆಲಸ.

ಉಸಿರಾಡದ ಮರಿಯ ಮೂಗು ಬಾಯಿಗೆ ಬಾಯಿಟ್ಟು ಊದುವುದು, ಲೋಳೆಯನ್ನು ಬಾಯಿಂದ ಹೀರಿ ಉಗುಳುವುದು ಕೆಲವರ ರೂಢಿ. ಮರಿ ಉಳಿಸಿಕೊಳ್ಳುವ ಹಂಬಲ ಅರ್ಥವಾಗುತ್ತದೆ, ಆದರೆ ರೋಗಾಣುವನ್ನು ನೇರವಾಗಿ ಬಾಯಿಗೆ ಹಾಕಿಕೊಂಡಂತೆಯೇ ಇದು. ಒಣ ಬಟ್ಟೆಯಿಂದ ಮೂಗು ಒರೆಸಿ, ಎದೆಯನ್ನು ಜೋರಾಗಿ ತಿಕ್ಕಿ, ಹುಲ್ಲುಕಡ್ಡಿಯಿಂದ ಮೂಗಿನ ಹೊಳ್ಳೆ ಕೆಣಕಿ. ಬದುಕುವ ಮರಿ ಇಷ್ಟಕ್ಕೇ ಸೀನಿ ಉಸಿರೆಳೆಯುತ್ತದೆ. ಬಟ್ಟೆಯನ್ನು ಸುಟ್ಟುಬಿಡಿ.

ಗರ್ಭಿಣಿಯರು, ಮಕ್ಕಳು ಈ ಕೆಲಸದ ಹತ್ತಿರ ಸುಳಿಯಬಾರದು. ಹಟ್ಟಿ ಗುಡಿಸುವುದು, ಈದ ಜಾಗ ತೊಳೆಯುವುದು ನಮ್ಮಲ್ಲಿ ಹೆಂಗಸರ ಪಾಲಿಗೇ ಬರುತ್ತದೆ. ಬಸುರಿಯರಿಗೆ ಈ ಸೋಂಕು ತಗುಲಿದರೆ ಗರ್ಭಪಾತವಾಗುವ ಅಪಾಯವಿದೆ. ಮನೆಯಲ್ಲಿ ಬಸುರಿ ಇದ್ದರೆ ಕುರಿ ಈಯುವ ಕಾಲ ಮುಗಿಯುವವರೆಗೆ ಆ ಕೆಲಸ ಗಂಡಸರು ಮಾಡಲಿ, ಇದರಲ್ಲಿ ಮರ್ಯಾದೆ ಹೋಗುವಂಥದ್ದೇನೂ ಇಲ್ಲ.

ಹಂತ 3: ಹೂಳುವುದು, ತೊಳೆಯುವುದು

ಮೊದಲು ಒಂದು ಮಾತು: ಪಶುವೈದ್ಯರು ಅದೇ ದಿನ ಬರುವುದಾದರೆ ಅವರು ಮಾದರಿ ತೆಗೆಯುವವರೆಗೆ ಚೀಲವನ್ನು ನೆರಳಿನಲ್ಲಿ, ನಾಯಿಗೆ ಎಟುಕದಂತೆ ಮುಚ್ಚಿಡಿ. ನೀವೇ ಮರಿಯನ್ನು ಕೊಯ್ದು ನೋಡಬೇಡಿ. ಅವರು ಬರಲಾಗದಿದ್ದರೆ ಕಾಯಬೇಡಿ, ಹೂಳಿ. ರಕ್ತದ ಪರೀಕ್ಷೆ ಆಮೇಲೂ ಮಾಡಿಸಬಹುದು.

ಗುಂಡಿ ಕನಿಷ್ಠ ನಾಲ್ಕಡಿ ಆಳ, ಬಾವಿ, ಬೋರ್‌ವೆಲ್, ಕೆರೆ, ಹಳ್ಳದಿಂದ ದೂರ. ತಳಕ್ಕೆ ಸುಣ್ಣ, ಮೇಲೂ ಸುಣ್ಣ, ಆಮೇಲೆ ಮಣ್ಣು ತುಳಿದು ಮುಚ್ಚಿ ಮೇಲೆ ಕಲ್ಲು, ಜಾಲಿ ಮುಳ್ಳು ಹೇರಿ. ನಮ್ಮ ಜಿಲ್ಲೆಗಳಲ್ಲಿ ನೆಲ ಎರಡು ತರಹ ತೊಂದರೆ ಕೊಡುತ್ತದೆ. ತುಂಗಭದ್ರಾ ಕಾಲುವೆಯ ಅಚ್ಚುಕಟ್ಟಿನ ಗದ್ದೆಗಳಲ್ಲಿ ಸ್ವಲ್ಪ ತೋಡಿದರೆ ನೀರು ಜಿನುಗುತ್ತದೆ. ಅಂಥ ಕಡೆ ಎತ್ತರದ ಮರಡಿ ಜಾಗ ಹುಡುಕಿ, ಸಿಗದಿದ್ದರೆ ಕಟ್ಟಿಗೆ ಒಟ್ಟಿ ಬೂದಿಯಾಗುವವರೆಗೆ ಸುಡಿ. ಎರೆ ಭೂಮಿಯಲ್ಲಿ ಬೇಸಿಗೆಗೆ ಬಾಯಿಬಿಟ್ಟ ಬಿರುಕಿನೊಳಗೆ ಮರಿ ತುರುಕಿ ಮೇಲೆ ಮಣ್ಣೆಳೆಯುವವರಿದ್ದಾರೆ. ಅದು ಹೂಳಿದಂತೆ ಅಲ್ಲವೇ ಅಲ್ಲ, ರಾತ್ರಿ ನರಿ, ನಾಯಿ ಎಳೆದು ಹಾಕುತ್ತವೆ.

ಕಾಲುವೆಗೆ ಎಸೆಯುವುದಂತೂ ಕೂಡದು. ಅದೇ ನೀರನ್ನು ಕೆಳಗಿನ ಊರಿನ ದನ, ಕುರಿ ಕುಡಿಯುತ್ತವೆ, ಜನ ಮೀಯುತ್ತಾರೆ.

ಬ್ಲೀಚಿಂಗ್ ದ್ರಾವಣಕ್ಕೆ 10 ಲೀಟರ್ ನೀರಿಗೆ 300ರಿಂದ 350 ಗ್ರಾಂ ಒಳ್ಳೆಯ ಪೌಡರ್ ಕಲಸಿ. ಮೊದಲು ಹಿಕ್ಕೆ, ಕೆಸರು, ರಕ್ತ ಕೆರೆದು ತೆಗೆಯಬೇಕು. ಇಲ್ಲದಿದ್ದರೆ ಬ್ಲೀಚಿಂಗ್ ಆ ಕೊಳೆಯ ಮೇಲೇ ಖರ್ಚಾಗಿಹೋಗುತ್ತದೆ, ರೋಗಾಣು ಹಾಗೇ ಉಳಿಯುತ್ತದೆ. ಕಲ್ಲು ಹಾಸು, ಸಲಿಕೆ, ಚಪ್ಪಲಿ, ಬಕೆಟ್ ಎಲ್ಲಕ್ಕೂ ಸುರಿದು ಅರ್ಧ ತಾಸು ಬಿಡಿ. ಮಣ್ಣಿನ ನೆಲಕ್ಕೆ ಸುಣ್ಣ ಎರಚಿ. ಬ್ಲೀಚಿಂಗ್ ಜೊತೆ ಫಿನಾಯಿಲ್ ಆಗಲಿ, ಆಸಿಡ್ ಆಗಲಿ ಬೆರೆಸಬೇಡಿ, ವಿಷಗಾಳಿ ಏಳುತ್ತದೆ.

ಬಿಸಿಲು ನಮ್ಮ ಕಡೆಯ ದೊಡ್ಡ ಅನುಕೂಲ. ನೇರ ಬಿಸಿಲಿಗೆ ಬಿದ್ದ ರೋಗಾಣು ಕೆಲವು ತಾಸುಗಳಲ್ಲಿ ಸಾಯುತ್ತದೆ. ಆದರೆ ನೆರಳು, ತೇವ ಇರುವ ಮಣ್ಣಿನಲ್ಲಿ, ಗೊಬ್ಬರದಲ್ಲಿ ಅದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬದುಕುತ್ತದೆ. ಹಾಗಾಗಿ ಆ ಜಾಗದ ಹಿಕ್ಕೆಯನ್ನು ಹಸಿಯಾಗಿ ಮಾರಬೇಡಿ, ಹೊಲಕ್ಕೂ ಹಾಕಬೇಡಿ. ಬೇರೆ ತಿಪ್ಪೆಗೆ ಹಾಕಿ ಮುಚ್ಚಿ, ಚೆನ್ನಾಗಿ ಕಳಿಯುವವರೆಗೆ ತಿಂಗಳುಗಟ್ಟಲೆ ಬಿಡಿ.

ಕೊನೆಗೆ ಕೈಚೀಲವನ್ನು ಒಳಮೈ ಹೊರಗಾಗಿ ಕಳಚಿ, ಅದನ್ನೂ ಗುಂಡಿಗೇ ಹಾಕಿ. ಸಾಬೂನಿನಿಂದ ಮೊಣಕೈವರೆಗೆ ತೊಳೆಯಿರಿ. ಆ ಬಟ್ಟೆಗಳನ್ನು ಮನೆಯ ಬಟ್ಟೆಯ ಜೊತೆ ಸೇರಿಸದೆ ಬಿಸಿನೀರಲ್ಲಿ ಒಗೆಯಿರಿ. ಕೈ ತೊಳೆಯುವ ಮುಂಚೆ ಬೀಡಿ ಹಚ್ಚುವುದು, ಎಲೆಅಡಿಕೆ ಹಾಕುವುದು ಬೇಡ.

ಹಂತ 4: ಪರೀಕ್ಷೆ ಮಾಡಿಸಿ

ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ದೂರದ ಹೊಲದಲ್ಲಿದ್ದರೆ 1962 ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ನೆರವು ಕೇಳಬಹುದು. ಕಂದು ರೋಗವು 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯಿದೆಯ ಪಟ್ಟಿಯಲ್ಲಿದೆ, ಸಂಶಯ ಬಂದರೆ ತಿಳಿಸುವುದು ಮಾಲೀಕರ ಹೊಣೆ. ಪಾಲಿಗೆ ಕುರಿ ಕಾಯುತ್ತಿದ್ದರೆ ಮಾಲೀಕರಿಗೂ ಅದೇ ದಿನ ಫೋನ್ ಮಾಡಿ. ಮುಚ್ಚಿಟ್ಟರೆ ಮುಂದೆ ಲೆಕ್ಕ ಮಾಡುವಾಗ ಸತ್ತ ಮರಿಗಳ ಹೊಣೆ ನಿಮ್ಮ ತಲೆಗೇ ಬರುತ್ತದೆ.

ವೈದ್ಯರು ಕುರಿಯ ರಕ್ತ ತೆಗೆದು ಅದರ ಸೀರಂ (ರಕ್ತ ಹೆಪ್ಪಾದ ಮೇಲೆ ಮೇಲೆ ಉಳಿಯುವ ತಿಳಿ) ಪರೀಕ್ಷಿಸುತ್ತಾರೆ. ಮೊದಲ ಹಂತದ್ದು ರೋಸ್ ಬೆಂಗಾಲ್ ಪರೀಕ್ಷೆ: ಗುಲಾಬಿ ಬಣ್ಣದ ದ್ರಾವಣದ ಹನಿಗೆ ಸೀರಂ ಬೆರೆಸಿದಾಗ ಕೆಲವೇ ನಿಮಿಷದಲ್ಲಿ ಗಂಟುಗಂಟಾದರೆ ಸೋಂಕಿನ ಸೂಚನೆ. ಅದನ್ನು ಖಚಿತಪಡಿಸಲು ಎಲೈಸಾ ಎಂಬ ಪ್ರಯೋಗಾಲಯ ಪರೀಕ್ಷೆ ಇದೆ. ಈ ರೋಗದ ಮೇಲೆ ಕೆಲಸ ಮಾಡುವ ಕೇಂದ್ರ ಸಂಸ್ಥೆ ನಿವೇದಿ ಬೆಂಗಳೂರಿನ ಯಲಹಂಕದಲ್ಲಿದೆ, ರಾಜ್ಯದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಹೆಬ್ಬಾಳದಲ್ಲಿದೆ. ಮಾದರಿಯನ್ನು ನೀವು ಹೊತ್ತುಕೊಂಡು ಹೋಗಬೇಕಿಲ್ಲ, ಪಶುವೈದ್ಯರು ಸೂಕ್ತ ಕಡೆಗೆ ಕಳಿಸುತ್ತಾರೆ.

ಗಮನಿಸಿ: ಕಂದು ಬಿದ್ದ ದಿನವೇ ತೆಗೆದ ರಕ್ತದಲ್ಲಿ ರೋಗ ಕಾಣದೆಯೂ ಇರಬಹುದು. ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ ಮಾಡಿಸಿ. ಕಂದು ಹಾಕಿದ್ದೊಂದನ್ನೇ ಅಲ್ಲ, ಆರು ತಿಂಗಳು ದಾಟಿದ ಎಲ್ಲ ಕುರಿ, ಮೇಕೆ, ಟಗರು, ಹೋತಗಳದ್ದೂ ಆಗಲಿ. ಟಗರನ್ನು ಬಿಟ್ಟು ಕುರಿಗಳನ್ನಷ್ಟೇ ಪರೀಕ್ಷಿಸಿದರೆ ಅರ್ಧ ಕೆಲಸ ಮಾಡಿದಂತೆ.

ಹಂತ 5: ರೋಗ ಇದೆ ಎಂದು ಬಂದರೆ

ಕಷ್ಟದ ಹಂತ ಇದೇ, ದುಡ್ಡಿನ ಮಾತು ಬರುವುದರಿಂದ.

ಆಕ್ಸಿಟೆಟ್ರಾಸೈಕ್ಲಿನ್‌ನಂಥ ಇಂಜೆಕ್ಷನ್ ಕೊಟ್ಟರೆ ರೋಗಾಣು ಹೊರಬೀಳುವುದು ಸ್ವಲ್ಪ ತಗ್ಗಬಹುದು, ಬುಡಸಮೇತ ಹೋಗುವುದಿಲ್ಲ. ಇಂಜೆಕ್ಷನ್ ಮಾಡಿಸಿ ಮತ್ತೆ ಹಿಂಡಿಗೆ ಬಿಡುವುದು ಎಂದರೆ ಖರ್ಚೂ ಆಯಿತು, ರೋಗವೂ ಉಳಿಯಿತು. ಪಶುವೈದ್ಯರ ಸಲಹೆಯಂತೆ ಸೋಂಕಿನ ಪ್ರಾಣಿಯನ್ನು ಹಿಂಡಿನಿಂದ ತೆಗೆದು ಕಸಾಯಿಖಾನೆಗೆ ಕಳಿಸುವುದೇ ಸರಿ ದಾರಿ. ಕೊಯ್ಯುವವರಿಗೆ ವಿಷಯ ತಿಳಿಸಿ. ಅವರು ಕೈಚೀಲ ಹಾಕಿ, ಗರ್ಭಕೋಶ ಮತ್ತು ಕೆಚ್ಚಲನ್ನು ಕೊಯ್ಯದೆ ಹಾಗೇ ತೆಗೆದು ಹೂಳಬೇಕು. ಕಂದು ಹಾಕಿ ಇನ್ನೂ ಸೋರುತ್ತಿರುವ ಕುರಿಯನ್ನು ಸಾಗಿಸಬೇಡಿ.

ಸಂತೆಗೆ ಒಯ್ಯಬೇಡಿ. ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಆಗುತ್ತಿರುವುದು ಅದೇ. ಕಂದು ಹಾಕಿದ ಕುರಿ ಎರಡು ವಾರದಲ್ಲಿ ಮೈಕೈ ತುಂಬಿಕೊಂಡು ಚೆಂದ ಕಾಣುತ್ತದೆ. ಊರಿನ ಸಂತೆಗೋ, ಪಕ್ಕದ ಬಾಗಲಕೋಟೆ ಜಿಲ್ಲೆಯ ಅಮೀನಗಡ, ಕೆರೂರಿನಂಥ ದೊಡ್ಡ ಸಂತೆಗೋ ಹೋದರೆ ಸಾಕುವವರೇ ಕೊಳ್ಳುತ್ತಾರೆ, ಅವರ ಹಟ್ಟಿಯಲ್ಲಿ ಅದು ಮುಂದಿನ ಸಲ ಈಯುತ್ತದೆ. ಕೊಂಡವರಿಗೆ ಅದು ಕಂದು ಹಾಕಿದ ಕುರಿ ಎಂಬುದು ಗೊತ್ತೇ ಇರುವುದಿಲ್ಲ. ನಿಮ್ಮ ಹಿಂಡಿಗೆ ರೋಗ ಬಂದದ್ದು ಬಹುಶಃ ಇದೇ ದಾರಿಯಿಂದ.

ಲಸಿಕೆ ಇಲ್ಲವೇ? ಹೊರದೇಶಗಳಲ್ಲಿ ಕುರಿ, ಮೇಕೆಗೆ ರೆವ್-1 ಎಂಬ ಲಸಿಕೆ ಬಳಸುತ್ತಾರೆ. ನಮ್ಮಲ್ಲಿ 2019ರಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಂದು ರೋಗದ ಲಸಿಕೆ ಕೊಡುವುದು 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ, ಆಕಳು ಮತ್ತು ಎಮ್ಮೆ ಎರಡಕ್ಕೂ, ಜೀವಮಾನದಲ್ಲಿ ಒಂದೇ ಸಲ. ಮನೆಯಲ್ಲಿ ಅಂಥ ಕರು ಇದ್ದರೆ ತಪ್ಪಿಸಬೇಡಿ. ಆದರೆ ಆ ದನದ ಲಸಿಕೆಯನ್ನು ಯಾರದೋ ಮಾತು ಕೇಳಿ ಕುರಿಗೆ ಚುಚ್ಚಿಸಬೇಡಿ. ಅದರೊಳಗೆ ಇರುವುದು ಜೀವಂತ ರೋಗಾಣು, ಚುಚ್ಚುವವರ ಕೈಗೆ ಸೂಜಿ ತಾಗಿದರೆ ಅವರಿಗೇ ರೋಗ ಬರಬಹುದು. ಹಿರೇಬೇನೆ, ಕರುಳುಬೇನೆಗೆ ಕೊಡಿಸಿದ ಲಸಿಕೆ ಕಂದು ರೋಗವನ್ನು ತಡೆಯುವುದಿಲ್ಲ ಎಂಬುದೂ ನೆನಪಿರಲಿ.

ಹಂತ 6: ಹೊಸ ಕುರಿ, ಎರವಲು ಟಗರು

ಬಳ್ಳಾರಿ ತಳಿಯಾಗಲಿ, ಕೆಂಗುರಿಯಾಗಲಿ, ಡೆಕ್ಕನಿಯಾಗಲಿ, ಯಾವ ತಳಿಗೂ ಈ ರೋಗದಿಂದ ರಿಯಾಯಿತಿ ಇಲ್ಲ. ಕೊಂಡು ತಂದ ಕುರಿಯನ್ನು 30 ದಿನ ಬೇರೆ ಇಡಿ, ತಂದ ಕೂಡಲೇ ಒಮ್ಮೆ, ತಿಂಗಳ ಕೊನೆಗೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಗಬ್ಬದ ಕುರಿ ತಂದಿದ್ದರೆ ಈಯುವವರೆಗೂ ಬೇರೆ ಇರುವುದೇ ಲೇಸು. ಟಗರನ್ನು ಎರವಲು ತರುವುದು, ಕೊಡುವುದು ಪರೀಕ್ಷೆ ಇಲ್ಲದೆ ಬೇಡ. ವಲಸೆಯಲ್ಲಿ ಎರಡು ಮೂರು ಮನೆಗಳ ಹಿಂಡು ಒಟ್ಟಿಗೆ ಹೊರಡುವುದಾದರೆ, ಹೊರಡುವ ಮುಂಚೆ ಕೂತು ಕೇಳಿಕೊಳ್ಳಿ: ಈ ವರ್ಷ ಯಾರ ಹಿಂಡಿನಲ್ಲಿ ಕಂದು ಬಿದ್ದಿವೆ?

ಹಂತ 7: ಹಾಲು, ಗಿಣ್ಣು, ಮಾಂಸ

ಹಾಲು ಉಕ್ಕಿ ಬರುವವರೆಗೆ ಕುದಿಸಿ, ಆಮೇಲೂ ಒಂದೆರಡು ನಿಮಿಷ ಕುದಿಯಲಿ. ರೋಗಾಣು 63 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅರ್ಧ ತಾಸಿಗೆ, 72 ಡಿಗ್ರಿಯಲ್ಲಿ 15 ಸೆಕೆಂಡಿಗೆ ಸಾಯುತ್ತದೆ, ಕುದಿಸಿದರೆ ಅನುಮಾನವೇ ಇಲ್ಲ. ಮಾಲ್ಟಾ ದ್ವೀಪದಲ್ಲಿ ಬ್ರಿಟಿಷ್ ಸೈನಿಕರನ್ನು ಕಾಡುತ್ತಿದ್ದ ಇದೇ ಜ್ವರದ ರೋಗಾಣುವನ್ನು ಡೇವಿಡ್ ಬ್ರೂಸ್ 1887ರಲ್ಲಿ ಗುರುತಿಸಿದರು, ಅದು ಮೇಕೆಗಳಿಂದ ಬರುತ್ತದೆಂದು ಥೆಮಿಸ್ಟೋಕ್ಲಿಸ್ ಝಮ್ಮಿಟ್ 1905ರಲ್ಲಿ ತೋರಿಸಿದರು. ಮರುವರ್ಷ ಸೈನಿಕರಿಗೆ ಮೇಕೆ ಹಾಲು ನಿಲ್ಲಿಸಿದ್ದೇ ತಡ, ಅವರಲ್ಲಿ ಜ್ವರ ದಿಢೀರನೆ ಇಳಿಯಿತು. ಯಾವ ಔಷಧಿಯೂ ಇಲ್ಲದೆ.

ನಮ್ಮಲ್ಲಿ ಅಪಾಯ ಇರುವುದು ಈ ಕಡೆಗಳಲ್ಲಿ: ಕೆಚ್ಚಲಿನಿಂದ ನೇರ ಬಾಯಿಗೆ ಹಾಲು ಹಿಂಡಿಸಿಕೊಳ್ಳುವ ಹುಡುಗರು, ಕಣ್ಣು ಕೆಂಪಾದರೆ ಹಸಿ ಹಾಲು ಬಿಡುವುದು, ಡೆಂಗ್ಯೂ ಜ್ವರ ಬಂದಾಗ ಪ್ಲೇಟ್‌ಲೆಟ್ ಏರುತ್ತದೆಂದು ಹಸಿ ಮೇಕೆ ಹಾಲು ಹುಡುಕಿಕೊಂಡು ಬರುವ ಪೇಟೆಯವರು. ಕೊನೆಯವರಿಗೆ ನೀವು ಹಾಲು ಮಾರುವುದಾದರೆ "ಕಾಸಿ ಕುಡೀರಿ" ಎಂದು ಹೇಳಿಯೇ ಕೊಡಿ. ಹಸಿ ಹಾಲಿನಿಂದ ತೆಗೆದ ಬೆಣ್ಣೆಯೂ ಸುರಕ್ಷಿತವಲ್ಲ. ಹಾಲು ಕಾಸಿಯೇ ಹೆಪ್ಪು ಹಾಕಬೇಕು. ಗಿಣ್ಣನ್ನು ಪೂರ್ತಿ ಬೇಯಿಸಿದರೆ ತೊಂದರೆಯಿಲ್ಲ, ಆದರೆ ಕಂದು ಹಾಕಿದ ಕುರಿಯ ಹಾಲು, ಗಿಣ್ಣು ಬೇಡವೇ ಬೇಡ.

ಚೆನ್ನಾಗಿ ಬೆಂದ ಮಾಂಸದಿಂದ ಭಯವಿಲ್ಲ. ಹಸಿ ಮಾಂಸ, ಅದರಲ್ಲೂ ಈಲಿ, ತೊಳ್ಳಿ, ಬೀಜ ಮುಟ್ಟುವಾಗ ಕೈಯಲ್ಲಿ ಗಾಯ ಇರಬಾರದು, ಅದೇ ಚಾಕುವಿನಿಂದ ಉಳ್ಳಾಗಡ್ಡಿ ಹೆಚ್ಚಬಾರದು.

ಹಂತ 8: ಮನೆಯವರಿಗೆ ಜ್ವರ ಬಂದರೆ

ಸೋಂಕು ತಗುಲಿದ ಎರಡರಿಂದ ನಾಲ್ಕು ವಾರಕ್ಕೆ ಸಾಮಾನ್ಯವಾಗಿ ಲಕ್ಷಣ ಶುರುವಾಗುತ್ತವೆ, ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. ಆದ್ದರಿಂದ ಜ್ವರ ಬಂದ ವಾರ ಏನಾಯಿತು ಎಂದಷ್ಟೇ ನೆನೆಸಿಕೊಂಡರೆ ಸಾಲದು, ಹಿಂದಿನ ಐದು ತಿಂಗಳಲ್ಲಿ ಹಿಂಡಿನಲ್ಲಿ ಕಂದು ಬಿದ್ದಿತ್ತೇ ಎಂದು ಯೋಚಿಸಿ.

ಜ್ವರ ಏರುತ್ತದೆ, ಇಳಿಯುತ್ತದೆ, ಕೆಲವು ದಿನ ಬಿಟ್ಟು ಮತ್ತೆ ಬರುತ್ತದೆ. ರಾತ್ರಿ ಹಾಸಿಗೆ ತೋಯುವಷ್ಟು ಬೆವರು. ಸೊಂಟ, ಕೀಲು ನೋವು, ಎದ್ದು ಕೂರಲಾಗದಷ್ಟು ಸುಸ್ತು, ತೂಕ ಇಳಿಯುವುದು. ಗಂಡಸರಲ್ಲಿ ಕೆಲವರಿಗೆ ಬೀಜ ಊದುತ್ತದೆ. ಬಿಟ್ಟರೆ ಬೆನ್ನುಮೂಳೆಗೆ, ಅಪರೂಪಕ್ಕೆ ಹೃದಯದ ಕವಾಟಕ್ಕೂ ತಗುಲಿ ಪ್ರಾಣಕ್ಕೆ ಬರಬಹುದು.

ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: ಡಾಕ್ಟರ ಮುಂದೆ ಕುರಿಯ ಮಾತೇ ಎತ್ತುವುದಿಲ್ಲ. "ಜ್ವರ" ಎಂದಷ್ಟೇ ಹೇಳಿದರೆ ಮಲೇರಿಯಾ, ಟೈಫಾಯ್ಡ್ ಪರೀಕ್ಷೆ ಆಗುತ್ತದೆ. ಟೈಫಾಯ್ಡಿಗೆ ಮಾಡುವ ವಿಡಾಲ್ ಪರೀಕ್ಷೆ ಬ್ರುಸೆಲ್ಲಾವನ್ನು ಹಿಡಿಯುವುದಿಲ್ಲ. ಕೆಲವು ಇಂಜೆಕ್ಷನ್‌ಗಳಿಗೆ ಜ್ವರ ನಾಲ್ಕು ದಿನ ತಗ್ಗಿ ಮತ್ತೆ ಬರುತ್ತದೆ, ಆಗ ಇನ್ನೊಬ್ಬ ಡಾಕ್ಟರು, ಇನ್ನೊಂದು ಸುತ್ತು. ಬೆನ್ನು ನೋವು, ತೂಕ ಇಳಿಕೆ ನೋಡಿ ಕ್ಷಯ ಎಂದು ಭಾವಿಸುವುದೂ ಉಂಟು. ನೀವು ಹೇಳಬೇಕಾದ ವಾಕ್ಯ ಇಷ್ಟೇ: "ಡಾಕ್ಟರೇ, ನಾವು ಕುರಿ ಸಾಕುತ್ತೇವೆ, ಹಿಂಡಿನಲ್ಲಿ ಕಂದು ಬಿದ್ದಿದ್ದವು, ಬ್ರುಸೆಲ್ಲಾ ಪರೀಕ್ಷೆ ಮಾಡಿಸಬೇಕಾ ನೋಡ್ರಿ." ಪಶುವೈದ್ಯರು ಕೊಟ್ಟ ಕುರಿಯ ರಿಪೋರ್ಟ್ ಇದ್ದರೆ ಅದರ ಫೋಟೋ ತೋರಿಸಿ. ಜ್ವರ ಎರಡು ವಾರ ದಾಟಿದರೆ ಬಳ್ಳಾರಿ, ರಾಯಚೂರು ಅಥವಾ ಕೊಪ್ಪಳದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮೆಡಿಸಿನ್ ವಿಭಾಗಕ್ಕೆ ಹೋಗಿ. ರಕ್ತ ಕೊಡುವಾಗ ಲ್ಯಾಬಿನವರಿಗೂ ಬ್ರುಸೆಲ್ಲಾ ಸಂಶಯ ಇದೆ ಎಂದು ತಿಳಿಸಿ, ರೋಗಾಣು ಬೆಳೆಸಿ ನೋಡುವ ಪರೀಕ್ಷೆಯಲ್ಲಿ ಅವರಿಗೂ ಸೋಂಕಿನ ಅಪಾಯ ಇರುತ್ತದೆ.

ಮನುಷ್ಯರಿಗೆ ಚಿಕಿತ್ಸೆ ಇದೆ, ಚೆನ್ನಾಗಿ ಕೆಲಸ ಮಾಡುತ್ತದೆ. ದೊಡ್ಡವರಿಗೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಮತ್ತು ರಿಫಾಂಪಿಸಿನ್ ಎರಡೂ ಗುಳಿಗೆಗಳನ್ನು ಒಟ್ಟಿಗೆ ಆರು ವಾರ, ಅಥವಾ ಡಾಕ್ಸಿಸೈಕ್ಲಿನ್ ಆರು ವಾರದ ಜೊತೆ ಎರಡು ಮೂರು ವಾರ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಕೊಡುತ್ತಾರೆ. ಬಸುರಿಯರಿಗೆ, ಸಣ್ಣ ಮಕ್ಕಳಿಗೆ ಔಷಧಿ ಬೇರೆ. ಆದ್ದರಿಂದ ಒಬ್ಬರ ಚೀಟಿ ತೋರಿಸಿ ಇನ್ನೊಬ್ಬರಿಗೆ ಮೆಡಿಕಲ್ ಶಾಪಿನಿಂದ ಗುಳಿಗೆ ತರಬೇಡಿ. ರಿಫಾಂಪಿಸಿನ್ ಕ್ಷಯಕ್ಕೂ ಕೊಡುವ ಗುಳಿಗೆ. ಅರೆಬರೆ ನುಂಗಿದರೆ ಮುಂದೆ ಅದು ನಾಟದೆ ಹೋಗಬಹುದು.

ಗುಳಿಗೆ ಶುರುವಾದ ಮೇಲೆ ಹೆದರಿಕೆ ಹುಟ್ಟಿಸುವ ಕೆಲವು ಸಂಗತಿಗಳಿವೆ. ರಿಫಾಂಪಿಸಿನ್ ತೆಗೆದುಕೊಂಡರೆ ಮೂತ್ರ ಕಿತ್ತಳೆ, ಕೆಂಪು ಬಣ್ಣಕ್ಕೆ ತಿರುಗುತ್ತದೆ. ಅದು ರಕ್ತವಲ್ಲ, ಗುಳಿಗೆಯ ಬಣ್ಣ. ಗರ್ಭನಿರೋಧಕ ಗುಳಿಗೆಯ ಪರಿಣಾಮವನ್ನೂ ಅದು ತಗ್ಗಿಸುತ್ತದೆ. ಡಾಕ್ಸಿಸೈಕ್ಲಿನ್ ಅನ್ನು ಊಟದ ಜೊತೆ, ಒಂದು ದೊಡ್ಡ ಲೋಟ ನೀರು ಕುಡಿದು ನುಂಗಿ, ಕೂಡಲೇ ಮಲಗಬೇಡಿ. ಅದು ಬಿಸಿಲಿಗೆ ಚರ್ಮ ಬೇಗ ಸುಡುವಂತೆ ಮಾಡುತ್ತದೆ. ದಿನವಿಡೀ ಹೊಲದಲ್ಲಿರುವ ಕುರಿಗಾರರು ತಲೆಗೆ ಟವೆಲ್, ಮೈಗೆ ತುಂಬುತೋಳಿನ ಅಂಗಿ ಬಿಡಬಾರದು. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಡಾಕ್ಟರ ಬಳಿ ಹೋಗಿ.

ಈ ರೋಗ ಮನುಷ್ಯರಿಂದ ಮನುಷ್ಯರಿಗೆ ಹರಡುವುದು ತೀರಾ ಅಪರೂಪ. ರೋಗಿಯ ತಾಟು ಬೇರೆ ಇಡುವುದು, ಮೂಲೆಯಲ್ಲಿ ಮಲಗಿಸುವುದು ಬೇಕಿಲ್ಲ. ಅದೇ ಹಿಂಡಿನಲ್ಲಿ ದುಡಿಯುವ, ಅದೇ ಹಾಲು ಕುಡಿಯುವ ಉಳಿದವರಿಗೆ ಜ್ವರ, ಕೀಲುನೋವು ಇದ್ದರೆ ಮಾತ್ರ ಅವರನ್ನೂ ಪರೀಕ್ಷೆಗೆ ಕರೆದೊಯ್ಯಿರಿ. ಕಂದಿನ ನೀರು ಕಣ್ಣಿಗೆ ಸಿಡಿದಿದ್ದರೆ 15 ನಿಮಿಷ ಶುದ್ಧ ನೀರಿನಿಂದ ತೊಳೆದು, ಜ್ವರ ಬರುವವರೆಗೆ ಕಾಯದೆ ಡಾಕ್ಟರಿಗೆ ತೋರಿಸಿ.

ಎರಡನೇ ವಾರಕ್ಕೇ ಜ್ವರ ಬಿಟ್ಟು ಮೈ ಹಗುರಾಗುತ್ತದೆ, ಅಷ್ಟಕ್ಕೇ ಗುಳಿಗೆ ನಿಲ್ಲಿಸಿ ಹಿಂಡಿನ ಜೊತೆ ಹೊರಟುಬಿಡುವವರೇ ಹೆಚ್ಚು. ಹಾಗೆ ನಿಲ್ಲಿಸಿದವರಲ್ಲಿ ರೋಗ ಮರುಕಳಿಸುತ್ತದೆ. ವಲಸೆ ಹೋಗಲೇಬೇಕೆಂದರೆ ಆರು ವಾರದ ಗುಳಿಗೆಯನ್ನು ಮೊದಲೇ ಕೇಳಿ ಪಡೆದುಕೊಳ್ಳಿ. ಆಸ್ಪತ್ರೆಯ ಚೀಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಜೊತೆಗಿಟ್ಟುಕೊಳ್ಳಿ. ಮುಂದಿನ ಒಂದು ವರ್ಷದಲ್ಲಿ ಜ್ವರ ಮತ್ತೆ ಬಂದರೆ, ಯಾವ ಊರಿನಲ್ಲಿದ್ದರೂ, ಆ ಚೀಟಿ ತೋರಿಸಿಯೇ ಮಾತು ಶುರುಮಾಡಿ.